ಕೀಲಿಕೈ ಕೊಡುವ ಮುನ್ನ ಕೇಳದ ಪ್ರಶ್ನೆ

ಹೊಸ ಇಯರ್‌ಫೋನನ್ನೋ ಕೈಗಡಿಯಾರವನ್ನೋ ಕೊಂಡು ತಂದವರೆಲ್ಲ ಒಂದು ಪುಟ್ಟ ವಿಧಿಯನ್ನು ಪೂರೈಸಿಯೇ ಇರುತ್ತಾರೆ. ಉಪಕರಣದ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿಯುವುದು, ಮೊಬೈಲ್ ಫೋನಿನ ಪರದೆಯಲ್ಲಿ ಅದರ ಹೆಸರು ಮೂಡುವುದನ್ನು ಕಾಯುವುದು, ಮೂಡಿದೊಡನೆ ‘ಪೇರ್’ ಎಂಬ ಪದದ ಮೇಲೆ ಬೆರಳಿಡುವುದು. ಎಲ್ಲವೂ ಸೇರಿ ಹತ್ತು ಸೆಕೆಂಡ್ ಹಿಡಿಯಬಹುದು. ಅಲ್ಲಿಂದ ಮುಂದೆ ಆ ಎರಡು ಉಪಕರಣಗಳು ಪರಸ್ಪರ ಪರಿಚಿತರು. ಮತ್ತೆ ಅನುಮತಿ ಕೇಳದೆ ತಾವಾಗಿಯೇ ಕೂಡಿಕೊಳ್ಳುತ್ತವೆ. ಬ್ಲೂಟೂತ್ ಎಂಬ ನಿಸ್ತಂತು ವ್ಯವಸ್ಥೆಯಲ್ಲಿ ‘ಜೋಡಣೆ’ ಎನಿಸಿಕೊಳ್ಳುವ ಈ ವಿಧಿಯ ಬಗ್ಗೆ ನಾವು ಯೋಚಿಸುವುದು ಬಹಳ ಕಡಿಮೆ. ಆದರೆ ಮುಂದಿನ ತಿಂಗಳು, ವರ್ಷಗಳ ಕಾಲ ಆ ಉಪಕರಣಗಳ ನಡುವೆ ನಡೆಯುವ ಸಮಸ್ತ ವ್ಯವಹಾರದ ಭದ್ರತೆ ನಿಂತಿರುವುದು ಆ ಹತ್ತು ಸೆಕೆಂಡುಗಳ ಮೇಲೆ. ಕಳೆದ ಎರಡು ದಶಕಗಳ ಇತಿಹಾಸವನ್ನು ನೋಡಿದರೆ, ಈ ತಂತ್ರಜ್ಞಾನ ಮತ್ತೆ ಮತ್ತೆ ಎಡವಿರುವುದೂ ಅಲ್ಲಿಯೇ.

ಈ ಮಾತನ್ನು ಈಗ ಹೇಳಬೇಕಾಗಿರುವುದಕ್ಕೆ ಕಾರಣವಿದೆ. ಹಾಡು ಕೇಳುವ ಸಾಧನಗಳಿಗಷ್ಟೇ ಸೀಮಿತವಾಗಿದ್ದಾಗ ಬ್ಲೂಟೂತಿನ ಲೋಪಗಳು ತಂತ್ರಜ್ಞರ ಕುತೂಹಲದ ವಿಷಯವಾಗಿದ್ದವು. ಇಂದು ಬ್ಯಾಂಕಿನ ಗುಪ್ತಪದವನ್ನು ಒತ್ತುವ ಕೀಲಿಮಣೆ, ಕಾರು ಮತ್ತು ಸ್ಕೂಟರುಗಳ ಬೀಗ, ಮನೆಯ ಬಾಗಿಲು, ವೃದ್ಧರ ಶ್ರವಣ ಸಾಧನ, ಮಧುಮೇಹಿಗಳ ತೋಳಿಗೆ ಅಂಟಿಕೊಂಡು ಸಕ್ಕರೆಯ ಪ್ರಮಾಣವನ್ನು ಅಳೆಯುವ ಪುಟ್ಟ ಬಿಲ್ಲೆ ಎಲ್ಲವೂ ಇದೇ ಜೋಡಣೆಯನ್ನು ನೆಚ್ಚಿಕೊಂಡಿವೆ. ಕರ್ನಾಟಕದಲ್ಲಿ ‘ಬ್ಲೂಟೂತ್’ ಎಂಬ ಪದ ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು ಬೇರೆ ಕಾರಣಕ್ಕೆ. 2021ರ ಪಿಎಸ್‌ಐ ನೇಮಕಾತಿ ಪರೀಕ್ಷೆಯ ಹಗರಣ ಹಾಗೂ 2023ರ ಅಕ್ಟೋಬರ್‌ನಲ್ಲಿ ಕಲಬುರಗಿ, ಯಾದಗಿರಿಗಳ ಪರೀಕ್ಷಾ ಕೇಂದ್ರಗಳಲ್ಲಿ ಬೆಳಕಿಗೆ ಬಂದ ಅಕ್ರಮಗಳಿಂದಾಗಿ ನಮ್ಮಲ್ಲಿ ಆ ಪದಕ್ಕೆ ನಕಲು ಎಂಬ ಅರ್ಥವೇ ಅಂಟಿಕೊಂಡಿದೆ. ಅದು ಸಾಧನದ ಒಡೆಯನೇ ಅದನ್ನು ದುರ್ಬಳಕೆ ಮಾಡಿಕೊಂಡ ಕಥೆ. ನಾನಿಲ್ಲಿ ಚರ್ಚಿಸಬಯಸುವುದು ಒಡೆಯನಿಗೆ ತಿಳಿಯದಂತೆಯೇ ಸಾಧನವು ಪರರ ಪಾಲಾಗುವ ಸಾಧ್ಯತೆಯನ್ನು.

ಮೊದಲಿಗೆ ಸ್ವಲ್ಪ ಹಿನ್ನೆಲೆ. ಸ್ವೀಡನ್ನಿನ ಲುಂಡ್ ನಗರದಲ್ಲಿ ಎರಿಕ್‌ಸನ್ ಕಂಪನಿಯ ಎಂಜಿನಿಯರುಗಳು ಈ ತಂತ್ರಜ್ಞಾನದ ಕೆಲಸಕ್ಕೆ ಕೈಹಾಕಿದ್ದು 1994ರಲ್ಲಿ. ಮೊಬೈಲ್ ಫೋನಿಗೂ ಅದರ ಜತೆಗಾರ ಉಪಕರಣಗಳಿಗೂ ನಡುವಿನ ತಂತಿಯನ್ನು ತೆಗೆದುಹಾಕುವುದಷ್ಟೇ ಅವರ ಉದ್ದೇಶವಾಗಿತ್ತು. 1998ರಲ್ಲಿ ಎರಿಕ್‌ಸನ್, ಇಂಟೆಲ್, ನೋಕಿಯಾ, ಐಬಿಎಂ ಮತ್ತು ತೋಷಿಬಾ ಕಂಪನಿಗಳು ಸೇರಿ ಒಂದು ಒಕ್ಕೂಟವನ್ನು ರಚಿಸಿಕೊಂಡವು. ಡೆನ್ಮಾರ್ಕನ್ನು ಒಂದುಗೂಡಿಸಿದನೆಂದು ಹೆಸರಾದ 10ನೆಯ ಶತಮಾನದ ದೊರೆ ಹೆರಾಲ್ಡ್ ‘ಬ್ಲೂಟೂತ್’ನ ಹೆಸರನ್ನು ಇಂಟೆಲ್‌ನ ಜಿಮ್ ಕಾರ್ಡಾಕ್ ಸೂಚಿಸಿದ್ದರು. ಭಿನ್ನ ಕಂಪನಿಗಳ ಉಪಕರಣಗಳನ್ನು ಒಂದುಗೂಡಿಸುವ ವ್ಯವಸ್ಥೆಗೆ ಆ ಹೆಸರು ಒಪ್ಪಿಗೆಯಾಗಿ ಉಳಿದುಕೊಂಡಿತು.

ತಂತಿಯನ್ನು ತೆಗೆದಾಗ ಅದರೊಂದಿಗೆ ಹೋದದ್ದೇನು ಎಂಬ ಪ್ರಶ್ನೆಯನ್ನು ಆಗ ಹೆಚ್ಚು ಮಂದಿ ಕೇಳಿದಂತಿಲ್ಲ. ತಂತಿಗೆ ಎರಡು ತುದಿಗಳಿರುತ್ತವೆ. ಎರಡೂ ಕಣ್ಣಿಗೆ ಕಾಣುತ್ತವೆ. ಯಾವುದಕ್ಕೆ ಯಾವುದು ಜೋಡಣೆಯಾಗಿದೆ ಎಂಬುದಕ್ಕೆ ತಂತಿಯೇ ಸಾಕ್ಷಿ. ರೇಡಿಯೊ ತರಂಗಗಳಿಗೆ ಇಂತಹ ಸಾಕ್ಷಿಯಿಲ್ಲ. ಬೆಂಗಳೂರಿನ ಮೆಟ್ರೊ ರೈಲಿನಲ್ಲಿ ಕುಳಿತು ನನ್ನ ಫೋನಿನ ಬ್ಲೂಟೂತ್ ಪಟ್ಟಿಯನ್ನು ತೆರೆದರೆ, ಅಪರಿಚಿತ ಸಹಪ್ರಯಾಣಿಕರ ಉಪಕರಣಗಳ ಹೆಸರುಗಳು ಸಾಲಾಗಿ ಮೂಡುತ್ತವೆ. ಕೆಲವಂತೂ ಒಡೆಯರ ಹೆಸರನ್ನೇ ಹೊತ್ತಿರುತ್ತವೆ. ಅವುಗಳಲ್ಲಿ ಯಾವ ಹೆಸರು ಯಾವ ಸಾಧನದ್ದು, ಅದು ತಾನು ಹೇಳಿಕೊಳ್ಳುತ್ತಿರುವ ಸಾಧನವೇ ಹೌದೇ ಎಂಬುದನ್ನು ಹೆಸರು ನೋಡಿ ಹೇಳಲು ಬಾರದು. ಜೋಡಣೆಯ ವಿಧಿ ಉತ್ತರಿಸಬೇಕಾದ ಪ್ರಶ್ನೆ ಇದುವೇ: ಗಾಳಿಯ ಆಚೆ ತುದಿಯಲ್ಲಿ ಇರುವವರು ಯಾರು?

ಬ್ಲೂಟೂತಿನ ವ್ಯಾಪ್ತಿ ಕಿರಿದು, ಹತ್ತು ಮೀಟರಿನಾಚೆಗೆ ಅದು ಕೇಳಿಸುವುದಿಲ್ಲ, ಆದ್ದರಿಂದ ಭಯವಿಲ್ಲ ಎಂಬ ಸಮಾಧಾನ ಬಹಳ ಕಾಲ ಚಾಲ್ತಿಯಲ್ಲಿತ್ತು. 2.4 ಗಿಗಾಹರ್ಟ್ಸ್ ಸುತ್ತಲಿನ ಪಟ್ಟಿಯಲ್ಲಿ 79 ಕಿರುದಾರಿಗಳ ನಡುವೆ ಸೆಕೆಂಡಿಗೆ 1600 ಬಾರಿ ಜಿಗಿಯುತ್ತಾ ಸಂದೇಶ ಸಾಗುತ್ತದೆಯಾದ್ದರಿಂದ ಕದ್ದು ಕೇಳುವುದು ಕಷ್ಟ ಎಂಬ ಮಾತೂ ಇತ್ತು. ಈ ಜಿಗಿತದ ಮುಖ್ಯ ಉದ್ದೇಶ ಇತರ ತರಂಗಗಳ ಅಡಚಣೆಯನ್ನು ತಪ್ಪಿಸಿಕೊಳ್ಳುವುದು. ಅದು ಭದ್ರತೆಯ ಕವಚವಲ್ಲ. ವ್ಯಾಪ್ತಿಯೂ ಅಷ್ಟೇ. ಆ ಹತ್ತು ಮೀಟರಿನ ಲೆಕ್ಕ ಸಾಮಾನ್ಯ ಉಪಕರಣದ್ದು. ಎದುರಾಳಿಯು ಅದೇ ಸಾಧನವನ್ನು ಬಳಸಬೇಕೆಂಬ ನಿಯಮವೇನೂ ಇಲ್ಲ. 2004ರಲ್ಲಿ ಅಮೆರಿಕದ ಯುವ ತಂತ್ರಜ್ಞರು ಬಂದೂಕಿನಾಕಾರದ ಆಂಟೆನಾವೊಂದನ್ನು ಕಟ್ಟಿ, ಕ್ಯಾಲಿಫೋರ್ನಿಯಾದಲ್ಲಿ ಒಂದು ಮೈಲಿಗೂ ಹೆಚ್ಚು ದೂರದಿಂದ ಫೋನೊಂದನ್ನು ತಲುಪಿ ತೋರಿಸಿದರು. 2022ರಲ್ಲಿ ಎನ್‌ಸಿಸಿ ಗ್ರೂಪ್ ಎಂಬ ಭದ್ರತಾ ಸಂಸ್ಥೆಯ ಸಂಶೋಧಕರು ಇನ್ನೊಂದು ಮಾರ್ಗ ಹಿಡಿದರು. ಒಡೆಯನ ಫೋನಿನ ಬಳಿ ಒಂದು, ಕಾರಿನ ಬಳಿ ಇನ್ನೊಂದು ಯಂತ್ರವನ್ನಿಟ್ಟು ಸಂಕೇತಗಳನ್ನು ಅತ್ತಿಂದಿತ್ತ ದಾಟಿಸಿದಾಗ, ಫೋನನ್ನೇ ಕೀಲಿಯಾಗಿ ಬಳಸುವ ಟೆಸ್ಲಾ ಕಾರು, ಫೋನ್ ಪಕ್ಕದಲ್ಲಿಯೇ ಇದೆಯೆಂದು ಭ್ರಮಿಸಿ ಬಾಗಿಲು ತೆರೆಯಿತು. ಸಾಮೀಪ್ಯವನ್ನು ಗುರುತಿನ ಚೀಟಿಯೆಂದು ನಂಬುವುದರ ಫಲವಿದು.

ಹಾಗಾದರೆ ಗುರುತನ್ನು ಖಚಿತಪಡಿಸಿಕೊಳ್ಳುವ ಬಗೆ ಯಾವುದು? ತುಂಬಿದ ಸಂತೆಯಲ್ಲಿ ಇಬ್ಬರು ಅಪರಿಚಿತರು ಎಲ್ಲರಿಗೂ ಕೇಳುವಂತೆ ಕೂಗಾಡುತ್ತಲೇ ತಮ್ಮಿಬ್ಬರಿಗೆ ಮಾತ್ರ ತಿಳಿದ ಒಂದು ಗುಟ್ಟನ್ನು ಹೊಂದಿಸಿಕೊಳ್ಳಬೇಕು. ಜೋಡಣೆಯ ಮುಂದಿರುವ ಸವಾಲು ಇಂಥದ್ದು. ಮೊದಲ ತಲೆಮಾರಿನ ಬ್ಲೂಟೂತ್ ಇದಕ್ಕೆ ಕಂಡುಕೊಂಡ ಪರಿಹಾರ ಪಿನ್ ಸಂಖ್ಯೆ. ಎರಡೂ ಉಪಕರಣಗಳಿಗೆ ಒಂದೇ ಸಂಖ್ಯೆಯನ್ನು ಕೊಟ್ಟರೆ, ಅದರಿಂದ ಅವು ಗೂಢಲಿಪಿಯ ಕೀಲಿಯನ್ನು ತಯಾರಿಸಿಕೊಳ್ಳುತ್ತಿದ್ದವು. ಆದರೆ ಕಿವಿಗೆ ಸಿಕ್ಕಿಸುವ ಹೆಡ್‌ಸೆಟ್ಟಿನಲ್ಲಿ ಸಂಖ್ಯೆ ಒತ್ತುವ ಗುಂಡಿಗಳಾದರೂ ಎಲ್ಲಿರುತ್ತವೆ? ತಯಾರಕರು ಕಾರ್ಖಾನೆಯಲ್ಲಿಯೇ ‘0000’ ಅಥವಾ ‘1234’ ಎಂದು ತುಂಬಿ ಕಳುಹಿಸಿದರು. ಊರಿನ ಎಲ್ಲ ಮನೆಗಳಿಗೂ ಒಂದೇ ಬೀಗದಕೈ ಇದ್ದಂತಾಯಿತು.

ಬಳಕೆದಾರನು ತಾನೇ ಪಿನ್ ಆಯ್ದುಕೊಂಡರೂ ಹೆಚ್ಚಿನ ಪ್ರಯೋಜನವಿರಲಿಲ್ಲ. 2005ರಲ್ಲಿ ಟೆಲ್ ಅವೀವ್ ವಿಶ್ವವಿದ್ಯಾಲಯದ ಯಾನಿವ್ ಶಾಕೆಡ್ ಮತ್ತು ಅವಿಶೈ ವೂಲ್ ಒಂದು ಪ್ರಬಂಧ ಪ್ರಕಟಿಸಿದರು. ಜೋಡಣೆಯ ಸಂದರ್ಭದಲ್ಲಿ ಗಾಳಿಯಲ್ಲಿ ಹರಿದಾಡುವ ಸಂದೇಶಗಳನ್ನು ಹಿಡಿದಿಟ್ಟುಕೊಂಡರೆ, ನಾಲ್ಕಂಕಿಯ ಪಿನ್ನನ್ನು ಅಂದಿನ ಸಾಮಾನ್ಯ ಪೆಂಟಿಯಂ-4 ಗಣಕದಲ್ಲಿ 0.06 ಸೆಕೆಂಡಿನಲ್ಲಿ ಪತ್ತೆಮಾಡಬಹುದೆಂದು ಅವರು ತೋರಿಸಿದರು. ಹತ್ತು ಸಾವಿರ ಸಾಧ್ಯತೆಗಳನ್ನು ಒಂದೊಂದಾಗಿ ಪರೀಕ್ಷಿಸಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಕಾಗಲಿಲ್ಲ. ಜೋಡಣೆ ಎಂದೋ ಮುಗಿದುಹೋಗಿದ್ದರೆ ಕಳ್ಳನಿಗೆ ಹಿಡಿಯಲು ಸಂದೇಶವೇ ಇರುವುದಿಲ್ಲವಲ್ಲ ಎಂದರೆ, ಅದಕ್ಕೂ ಅವರಲ್ಲಿ ಉತ್ತರವಿತ್ತು. ‘ನನಗೆ ಹಳೆಯ ಕೀಲಿ ಮರೆತುಹೋಗಿದೆ’ ಎಂಬ ಸುಳ್ಳು ಸಂದೇಶವನ್ನು ತೂರಿಸಿದರೆ ಉಪಕರಣಗಳು ಮತ್ತೆ ಜೋಡಣೆಗೆ ತೊಡಗುತ್ತವೆ. ಒಡೆಯನಿಗೆ ಕಾಣುವುದು ಪಿನ್ ಮತ್ತೊಮ್ಮೆ ಕೇಳಿದ ಪರದೆ ಮಾತ್ರ. ಯಂತ್ರ ಏಕೋ ತಕರಾರು ಮಾಡುತ್ತಿದೆ ಎಂದುಕೊಂಡು ಅವನು ಅದನ್ನು ಒತ್ತಿಬಿಡುತ್ತಾನೆ.

ಒತ್ತಿಬಿಡುವ ಈ ಸ್ವಭಾವವನ್ನು ವೈರಸ್ ಬರೆಯುವವರು ಅದಕ್ಕೆ ಮುಂಚೆಯೇ ಅರಿತಿದ್ದರು. 2004ರ ಜೂನ್‌ನಲ್ಲಿ ಕಾಣಿಸಿಕೊಂಡ ‘ಕಾಬಿರ್’ ಎಂಬ ಕೀಟ ಸಿಂಬಿಯನ್ ಫೋನುಗಳ ನಡುವೆ ಬ್ಲೂಟೂತ್ ಮೂಲಕವೇ ಹಬ್ಬಿತು. ಅದನ್ನು ಸ್ವೀಕರಿಸಲು ಫೋನಿನ ಒಡೆಯ ‘ಹೌದು’ ಎನ್ನಲೇಬೇಕಾಗಿತ್ತು. ‘ಇಲ್ಲ’ ಎಂದರೆ, ಸೋಂಕಿತ ಫೋನ್ ಹತ್ತಿರವಿರುವವರೆಗೂ ಅದೇ ಪ್ರಶ್ನೆ ಮತ್ತೆ ಮತ್ತೆ ಪರದೆಯ ಮೇಲೆ ಬರುತ್ತಿತ್ತು. ಬೇಸತ್ತವರು ‘ಹೌದು’ ಎಂದರು. 2005ರ ಆಗಸ್ಟ್‌ನಲ್ಲಿ ಹೆಲ್ಸಿಂಕಿಯಲ್ಲಿ ವಿಶ್ವ ಅಥ್ಲೆಟಿಕ್ಸ್ ಕೂಟ ನಡೆದಾಗ ಕ್ರೀಡಾಂಗಣದ ಜನಸಂದಣಿಯಲ್ಲಿ ಕಾಬಿರ್ ಹರಡಿದ್ದು ವರದಿಯಾಗಿತ್ತು. ಮನುಷ್ಯನ ಸಮ್ಮತಿಯನ್ನು ಭದ್ರತೆಯ ಕಟ್ಟಕಡೆಯ ಕಾವಲಾಗಿ ನಿಲ್ಲಿಸಿದರೆ ಏನಾಗಬಹುದೆಂಬುದಕ್ಕೆ ಅದು ಆರಂಭದ ಪಾಠ.

ಒಕ್ಕೂಟ ಕೈಕಟ್ಟಿ ಕೂರಲಿಲ್ಲ. 2007ರ ಆವೃತ್ತಿಯಲ್ಲಿ ‘ಸುರಕ್ಷಿತ ಸರಳ ಜೋಡಣೆ’ ಎಂಬ ಹೊಸ ಕ್ರಮ ಬಂತು. 1976ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಮುಂದಿಟ್ಟ ಗಣಿತದ ಸೊಗಸಾದ ಉಪಾಯವೇ ಇದರ ಅಡಿಪಾಯ. ಒಂದು ದಿಕ್ಕಿನಲ್ಲಿ ಸುಲಭವೂ ಇನ್ನೊಂದು ದಿಕ್ಕಿನಲ್ಲಿ ದುಸ್ಸಾಧ್ಯವೂ ಆದ ಲೆಕ್ಕಗಳು ಗಣಿತದಲ್ಲಿವೆ. ಎರಡು ಉಪಕರಣಗಳು ತಮ್ಮ ಗುಪ್ತ ಸಂಖ್ಯೆಯನ್ನು ತಮ್ಮಲ್ಲಿಯೇ ಇಟ್ಟುಕೊಂಡು, ಅದನ್ನು ಬೆರೆಸಿದ ಫಲವನ್ನು ಮಾತ್ರ ಬಹಿರಂಗವಾಗಿ ವಿನಿಮಯ ಮಾಡಿಕೊಳ್ಳುತ್ತವೆ. ಕೊನೆಗೆ ಇಬ್ಬರ ಬಳಿಯೂ ಒಂದೇ ಕೀಲಿ ಉಳಿಯುತ್ತದೆ. ಕದ್ದು ಕೇಳಿದವನ ಬಳಿ ಏನೂ ಉಳಿಯುವುದಿಲ್ಲ.

ಆದರೆ ಈ ಗಣಿತ ಉತ್ತರಿಸದ ಒಂದು ಪ್ರಶ್ನೆಯಿದೆ. ನಾನು ಗುಟ್ಟನ್ನು ಹಂಚಿಕೊಂಡದ್ದು ಯಾರೊಡನೆ? ನಡುವೆ ಒಬ್ಬ ನಿಂತು, ಈ ಕಡೆಯವನಿಗೆ ತಾನೇ ಆ ಕಡೆಯವನೆಂದೂ ಆ ಕಡೆಯವನಿಗೆ ತಾನೇ ಈ ಕಡೆಯವನೆಂದೂ ನಂಬಿಸಿ, ಇಬ್ಬರೊಡನೆಯೂ ಪ್ರತ್ಯೇಕ ಕೀಲಿ ಮಾಡಿಕೊಂಡರೆ ಗಣಿತಕ್ಕೆ ಅದು ತಿಳಿಯದು. ಅದಕ್ಕಾಗಿಯೇ ಎರಡೂ ಪರದೆಗಳಲ್ಲಿ ಆರಂಕಿಯ ಸಂಖ್ಯೆಯೊಂದನ್ನು ತೋರಿಸಿ ‘ಎರಡೂ ಒಂದೇ ಇದೆಯೇ?’ ಎಂದು ಮನುಷ್ಯನನ್ನು ಕೇಳುವ ಏರ್ಪಾಟಾಯಿತು. ಪರದೆಯೇ ಇಲ್ಲದ ಉಪಕರಣಗಳಿಗೆ ಏನು ಮಾಡುವುದು? ಅವುಗಳಿಗಾಗಿ ‘ಜಸ್ಟ್ ವರ್ಕ್ಸ್’ ಎಂಬ ವಿಧಾನವನ್ನು ಇಟ್ಟರು. ‘ಸುಮ್ಮನೆ ಕೆಲಸ ಮಾಡುತ್ತದೆ’ ಎಂಬ ಆ ಹೆಸರೇ ಅದರ ಗುಣವನ್ನೂ ದೋಷವನ್ನೂ ಹೇಳುತ್ತದೆ. ಇಲ್ಲಿ ಯಾರೂ ಯಾರ ಗುರುತನ್ನೂ ಕೇಳುವುದಿಲ್ಲ. ಪರದೆಯಿಲ್ಲದ ಅಸಂಖ್ಯಾತ ಇಯರ್‌ಫೋನು, ಸ್ಪೀಕರುಗಳು ಜೋಡಣೆಯಾಗುವುದು ಈ ದಾರಿಯಲ್ಲಿಯೇ.

ಈ ವಿಷಯದ ಸಂಶೋಧನೆಗಳನ್ನು ಒಂದರ ಹಿಂದೊಂದರಂತೆ ಓದುತ್ತಾ ಹೋದಂತೆ ನನಗೆ ಎದ್ದು ಕಂಡದ್ದು, ಕಲಿತ ಪಾಠವನ್ನು ಮರೆಯುವ ಚಾಳಿ. 2010ರಲ್ಲಿ, ಪುಟ್ಟ ಬ್ಯಾಟರಿಯಲ್ಲಿ ತಿಂಗಳುಗಟ್ಟಲೆ ನಡೆಯಬಲ್ಲ ‘ಲೋ ಎನರ್ಜಿ’ ಎಂಬ ಮಿತವ್ಯಯದ ಬ್ಲೂಟೂತ್ ಬಂದಾಗ, ಮೂರು ವರ್ಷ ಹಿಂದಷ್ಟೇ ಅಳವಡಿಸಿದ್ದ ಆ ಗಣಿತವನ್ನು ಅದರಲ್ಲಿ ಕೈಬಿಡಲಾಯಿತು. ಬದಲಿಗೆ ಹಗುರವಾದ ಇನ್ನೊಂದು ಕ್ರಮವನ್ನು ಹೊಸೆಯಲಾಯಿತು. 2013ರಲ್ಲಿ ಮೈಕ್ ರಯಾನ್ ಎಂಬ ಸಂಶೋಧಕ ಆ ಕ್ರಮದ ಆರಂಕಿಯ ಸಂಖ್ಯೆಯನ್ನು ಒಂದು ಸೆಕೆಂಡಿಗೂ ಕಡಿಮೆ ಸಮಯದಲ್ಲಿ ಭೇದಿಸಬಹುದೆಂದು ತೋರಿಸಿದರು. ಎಂಟು ವರ್ಷಗಳ ಹಿಂದೆ ಟೆಲ್ ಅವೀವಿನಲ್ಲಿ ಕಂಡಿದ್ದ ಕಥೆಯೇ ಮರುಕಳಿಸಿತ್ತು. 2014ರ ಕೊನೆಯಲ್ಲಿ ಹಳೆಯ ಗಣಿತ ಮರಳಿ ಬಂತು. ಅಷ್ಟರಲ್ಲಿ ಲೋಪವನ್ನು ಹೊತ್ತ ಉಪಕರಣಗಳು ಜಗತ್ತಿನ ಮನೆಮನೆಗಳನ್ನು ಸೇರಿದ್ದವು.

ಗಣಿತ ಗಟ್ಟಿಯಾಗಿದ್ದರೂ ಅದನ್ನು ಅಳವಡಿಸುವಲ್ಲಿ ಎಡವಟ್ಟಾದ ನಿದರ್ಶನಗಳೂ ಇವೆ. ಜೋಡಣೆಯಲ್ಲಿ ವಿನಿಮಯವಾಗುವುದು ಒಂದು ಜೋಡಿ ಸಂಖ್ಯೆಗಳು. ಅವುಗಳಲ್ಲಿ ಒಂದರ ಅಸಲಿತನವನ್ನು ಮಾತ್ರ ಪರಿಶೀಲಿಸಿ ಇನ್ನೊಂದನ್ನು ಹಾಗೆಯೇ ನಂಬಲಾಗುತ್ತಿದೆ ಎಂಬುದನ್ನು ಇಸ್ರೇಲಿನ ಟೆಕ್ನಿಯಾನ್ ಸಂಸ್ಥೆಯ ಎಲಿ ಬಿಹಾಮ್ ಮತ್ತು ಲಿಯೋರ್ ನ್ಯೂಮನ್ 2018ರಲ್ಲಿ ಹೊರಗೆಡಹಿದರು. ಆ ಸಂಖ್ಯೆಗಳು ಸರಿಯಾದವೇ ಎಂದು ಪರೀಕ್ಷಿಸುವುದನ್ನು ನಿಯಮಾವಳಿಯು ಐಚ್ಛಿಕವಾಗಿ ಬಿಟ್ಟಿತ್ತು. ಐಚ್ಛಿಕವೆಂದರೆ ಅನೇಕರು ಮಾಡುವುದಿಲ್ಲ ಎಂದರ್ಥ. ಮರುವರ್ಷ ಡೇನಿಯೆಲೆ ಆಂಟೊನಿಯೊಲಿ, ನಿಲ್ಸ್ ಟಿಪ್ಪನ್‌ಹೌಯರ್ ಹಾಗೂ ಕ್ಯಾಸ್ಪರ್ ರಾಸ್ಮುಸ್ಸನ್ ‘ನಾಬ್’ ಎಂಬ ದಾಳಿಯನ್ನು ವಿವರಿಸಿದರು. ಎರಡು ಉಪಕರಣಗಳು ಕೂಡುವಾಗ ಕೀಲಿ ಎಷ್ಟು ಬೈಟ್ ಉದ್ದವಿರಬೇಕೆಂದು ಮಾತಾಡಿಕೊಳ್ಳುತ್ತವೆ: 16 ಇರಬಹುದು, 1 ಕೂಡ ಇರಬಹುದು. ಈ ಮಾತುಕತೆಗೇ ರಕ್ಷಣೆಯಿರಲಿಲ್ಲ. ನಡುವೆ ನುಸುಳಿದವನು ಇಬ್ಬರನ್ನೂ ಒಂದು ಬೈಟಿಗೆ ಒಪ್ಪಿಸಿದರೆ, ಕೀಲಿಗೆ ಉಳಿಯುವುದು ಕೇವಲ 256 ಸಾಧ್ಯತೆಗಳು. 2020ರಲ್ಲಿ ಅದೇ ಮೂವರು, ಈಗಾಗಲೇ ಜೋಡಣೆಯಾದ ಉಪಕರಣದ ವೇಷವನ್ನು ಕೀಲಿಯಿಲ್ಲದೆಯೇ ತೊಡಬಹುದೆಂದು ತೋರಿಸಿದರು. ಹಳೆಯ ಉಪಕರಣಗಳೂ ನಡೆಯಬೇಕೆಂಬ ಕಾರಣಕ್ಕೆ ಉಳಿಸಿಕೊಂಡ ಹಳೆಯ ಕ್ರಮಗಳೇ ಇಂತಹ ದಾಳಿಗಳಿಗೆ ಹಿಂಬಾಗಿಲಾದವು.

ಇನ್ನು ಮನುಷ್ಯನನ್ನು ಕೇಳುವ ಆರಂಕಿಯ ಪ್ರಶ್ನೆ. 2021ರಲ್ಲಿ ಮ್ಯೂನಿಕ್ಕಿನ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ಅದರಲ್ಲಿಯೂ ಬಿರುಕು ಕಂಡರು. ಬ್ಲೂಟೂತಿನಲ್ಲಿ ಆರಂಕಿಯ ಸಂಖ್ಯೆಗೆ ಎರಡು ಅರ್ಥಗಳಿವೆ: ಒಂದು ವಿಧಾನದಲ್ಲಿ ಅದನ್ನು ಹೋಲಿಸಿ ನೋಡಬೇಕು, ಇನ್ನೊಂದರಲ್ಲಿ ಅದನ್ನು ಮತ್ತೊಂದು ಉಪಕರಣದಲ್ಲಿ ಒತ್ತಬೇಕು. ಒಂದು ಉಪಕರಣಕ್ಕೆ ಮೊದಲನೆಯ ವಿಧಾನವೆಂದೂ ಮತ್ತೊಂದಕ್ಕೆ ಎರಡನೆಯದೆಂದೂ ನಂಬಿಸಿದರೆ ಮಧ್ಯಸ್ಥನು ಸಲೀಸಾಗಿ ಒಳನುಗ್ಗುತ್ತಾನೆ. ಎದುರಿಗಿರುವ ಬಳಕೆದಾರನಿಗೆ ಕಾಣುವುದು ಆರು ಅಂಕಿಗಳು ಮಾತ್ರ. ಅವು ಯಾವ ಅರ್ಥದವು ಎಂದು ಅವನು ಹೇಗೆ ತಿಳಿಯಬೇಕು?

2023ರ ಡಿಸೆಂಬರ್‌ನಲ್ಲಿ ಮಾರ್ಕ್ ನ್ಯೂಲಿನ್ ಬಯಲು ಮಾಡಿದ ದೋಷದಲ್ಲಂತೂ ಬಳಕೆದಾರನನ್ನು ಕೇಳುವ ಪ್ರಮೇಯವೇ ಇರಲಿಲ್ಲ. ಆಂಡ್ರಾಯ್ಡ್, ಲಿನಕ್ಸ್ ಹಾಗೂ ಆಪಲ್ ಕಂಪನಿಯ ಸಾಧನಗಳನ್ನು ‘ನಾನೊಂದು ಕೀಲಿಮಣೆ’ ಎಂದು ನಂಬಿಸಿ, ಒಡೆಯನ ಒಪ್ಪಿಗೆಯಿಲ್ಲದೆ ಜೋಡಣೆಯಾಗಿ, ಅವನ ಪರವಾಗಿ ಅಕ್ಷರಗಳನ್ನು ಒತ್ತಬಹುದಾಗಿತ್ತು. ಅನಂತರ ಅದಕ್ಕೆ ತಂತ್ರಾಂಶದ ತಿದ್ದುಪಡಿ ಬಂತು. 2026ರ ಜನವರಿಯಲ್ಲಿ ಬೆಲ್ಜಿಯಂನ ಲ್ಯೂವೆನ್ ಕ್ಯಾಥೊಲಿಕ್ ವಿಶ್ವವಿದ್ಯಾಲಯದ ಸಂಶೋಧಕರು ಗೂಗಲ್‌ನ ‘ಫಾಸ್ಟ್ ಪೇರ್’ ಎಂಬ ತ್ವರಿತ ಜೋಡಣೆಯ ಸೌಲಭ್ಯವುಳ್ಳ ಅನೇಕ ಹೆಡ್‌ಫೋನ್, ಇಯರ್‌ಬಡ್‌ಗಳಲ್ಲಿ ಇಂಥದೇ ಲೋಪವನ್ನು ಪ್ರಕಟಿಸಿದರು. ಒಡೆಯ ಗುಂಡಿ ಒತ್ತಿ ಜೋಡಣೆಯ ಸ್ಥಿತಿಗೆ ತಂದಾಗ ಮಾತ್ರ ಸಾಧನವು ಹೊಸಬರ ಕರೆಗೆ ಓಗೊಡಬೇಕೆಂಬುದು ನಿಯಮ. ಹಲವು ಪ್ರಸಿದ್ಧ ಕಂಪನಿಗಳ ಸಾಧನಗಳು ಆ ನಿಯಮವನ್ನು ಪಾಲಿಸಿರಲಿಲ್ಲ. ಪಕ್ಕದಲ್ಲಿ ಕುಳಿತವನು ಅವುಗಳ ಮೈಕನ್ನು ವಶಪಡಿಸಿಕೊಳ್ಳಬಹುದಿತ್ತು. ಕೆಲವು ಸಾಧನಗಳನ್ನು ತನ್ನ ಖಾತೆಗೆ ಸೇರಿಸಿಕೊಂಡು, ಕಳೆದ ವಸ್ತುಗಳನ್ನು ಹುಡುಕಿಕೊಡುವ ಜಾಲದ ಮೂಲಕ ಒಡೆಯನ ಚಲನವಲನವನ್ನೇ ಹಿಂಬಾಲಿಸಬಹುದಿತ್ತು.

ಇಷ್ಟೆಲ್ಲ ಓದಿದ ಮೇಲೆ ಫೋನನ್ನು ಕಂಡು ಬೆಚ್ಚಬೇಕಾಗಿಲ್ಲ. ಅಳತೆಗೆಡದೆ ಹೇಳುವುದಾದರೆ, ಇವುಗಳಲ್ಲಿ ಬಹುಪಾಲು ಪ್ರಯೋಗಾಲಯಗಳ ಸಂಶೋಧನೆಗಳು. ದಾಳಿಕೋರ ಹತ್ತಿರದಲ್ಲಿರಬೇಕು, ಸಮಯ ಕಾಯಬೇಕು, ಪರಿಣತಿಯೂ ಬೇಕು. ನಮ್ಮ ದೇಶದಲ್ಲಿ ಜನ ಹಣ ಕಳೆದುಕೊಳ್ಳುತ್ತಿರುವುದು ಹೆಚ್ಚಾಗಿ ಸುಳ್ಳು ಫೋನ್ ಕರೆಗಳಿಗೆ ಮರುಳಾಗಿ, ಒಟಿಪಿಯನ್ನು ಪರರಿಗೆ ಒಪ್ಪಿಸಿ, ಬ್ಲೂಟೂತಿನಿಂದಲ್ಲ. 2020ರಲ್ಲಿ ಸಿಂಗಪುರದ ಸಂಶೋಧಕರು ‘ಸ್ವೇನ್‌ಟೂತ್’ ಎಂಬ ಹೆಸರಿನಲ್ಲಿ 12 ದೋಷಗಳ ಕಂತೆಯನ್ನು ಪ್ರಕಟಿಸಿದಾಗ, ಪೇಸ್‌ಮೇಕರ್, ಗ್ಲೂಕೋಸ್ ಮಾಪಕಗಳೂ ಅದಕ್ಕೆ ಒಳಗಾಗಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಎಚ್ಚರಿಸಿತು. ಅದರಿಂದ ಯಾವ ರೋಗಿಗೂ ತೊಂದರೆಯಾದ ವರದಿ ತನಗೆ ಬಂದಿಲ್ಲವೆಂದೂ ಅದು ತಿಳಿಸಿತ್ತು. ಅಮೆರಿಕದ ಉಪಾಧ್ಯಕ್ಷೆಯಾಗಿದ್ದಾಗ ಕಮಲಾ ಹ್ಯಾರಿಸ್ ತಂತಿಯುಳ್ಳ ಇಯರ್‌ಫೋನನ್ನೇ ಬಳಸುತ್ತಿದ್ದುದು 2021ರಲ್ಲಿ ಪತ್ರಿಕೆಗಳಲ್ಲಿ ನಗೆಯ ವಸ್ತುವಾಗಿತ್ತು. ಅಂತಹ ಹುದ್ದೆಯಲ್ಲಿರುವವರಿಗೆ ಆ ಎಚ್ಚರ ಸಹಜ. ನಮ್ಮ ನಿಮ್ಮಂಥವರು ಅಷ್ಟು ದೂರ ಹೋಗಬೇಕಾಗಿಲ್ಲ.

ಆದರೆ ಅಪಾಯ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ ಎಂಬುದನ್ನು ಗಮನಿಸಬೇಕು. ‘ದಾಳಿಕೋರ ಹತ್ತಿರದಲ್ಲಿರಬೇಕು’ ಎಂಬುದು ನನಗೆ ಸಮಾಧಾನ ತರಬಹುದು. ತನ್ನನ್ನು ಹಿಂಬಾಲಿಸುತ್ತಿರುವವನು ಅದೇ ಮನೆಯಲ್ಲಿಯೋ ಅದೇ ಕಚೇರಿಯಲ್ಲಿಯೋ ಇರುವ ಮಹಿಳೆಗೆ ಅದೇ ಮಾತು ಭೀತಿ ಹುಟ್ಟಿಸುತ್ತದೆ. ಸುದ್ದಿಮೂಲವನ್ನು ಕಾಪಾಡಬೇಕಾದ ಪತ್ರಕರ್ತ, ಕಕ್ಷಿದಾರನೊಡನೆ ಮಾತನಾಡುವ ವಕೀಲ, ಶ್ರವಣ ಸಾಧನವನ್ನು ಮಗನೋ ಮೊಮ್ಮಗಳೋ ಜೋಡಿಸಿಕೊಟ್ಟ ಮೇಲೆ ಮತ್ತೆ ಮುಟ್ಟಲೂ ತಿಳಿಯದ ವೃದ್ಧರು, ಇವರೆಲ್ಲರ ಸ್ಥಿತಿ ಬೇರೆ. ಇನ್ನೊಂದು ಭೇದವೂ ಇದೆ. ದುಬಾರಿ ಫೋನಿಗೆ ತಂತ್ರಾಂಶದ ತಿದ್ದುಪಡಿ ಬರುತ್ತದೆ. ಐನೂರು ರೂಪಾಯಿಯ ಇಯರ್‌ಫೋನಿಗೆ ಅದು ಬರುವುದೇ ಅಪರೂಪ. ಬಂದರೂ ತಯಾರಕರ ಆ್ಯಪನ್ನು ಪ್ರತ್ಯೇಕವಾಗಿ ಹಾಕಿಕೊಂಡವರಿಗಷ್ಟೇ ಅದು ತಲುಪುತ್ತದೆ. ಹಾಗೊಂದು ಆ್ಯಪ್ ಇದೆಯೆಂದೇ ಬಹುಮಂದಿಗೆ ಗೊತ್ತಿರುವುದಿಲ್ಲ. ಲೋಪ ಪತ್ತೆಯಾದರೂ ಅದು ಆ ಸಾಧನದ ಆಯುಷ್ಯವಿಡೀ ಹಾಗೆಯೇ ಉಳಿಯುತ್ತದೆ.

ಇಲ್ಲಿಯೇ ನನ್ನ ಆಕ್ಷೇಪವಿರುವುದು. ಇಂತಹ ಪ್ರತಿ ಸಂದರ್ಭದಲ್ಲಿಯೂ ನಮಗೆ ಸಿಗುವ ಉಪದೇಶ ‘ಬಳಕೆದಾರರು ಎಚ್ಚರ ವಹಿಸಬೇಕು’ ಎಂಬುದು. ಏನನ್ನು ನೋಡಿ ಎಚ್ಚರ ವಹಿಸಬೇಕು? ಕೀಲಿಯ ಉದ್ದ ಒಂದು ಬೈಟಿಗೆ ಇಳಿದದ್ದನ್ನು ಯಾವ ಪರದೆಯೂ ತೋರಿಸಲಿಲ್ಲ. ಸಂಖ್ಯೆಯ ಅಸಲಿತನವನ್ನು ಅರ್ಧ ಮಾತ್ರ ಪರೀಕ್ಷಿಸಿದ್ದು ಯಾವ ಗ್ರಾಹಕನ ಕಣ್ಣಿಗೂ ಬೀಳುವಂತಿರಲಿಲ್ಲ. ಸೇತುವೆಯ ಕಂಬ ಶಿಥಿಲವಾಗಿದ್ದರೆ ನಾವು ಪ್ರಯಾಣಿಕರಿಗೆ ಎಚ್ಚರಿಕೆ ಹೇಳಿ ಸುಮ್ಮನಾಗುವುದಿಲ್ಲ. ಕಟ್ಟಿದವರನ್ನೂ ಪರೀಕ್ಷಿಸಿ ಸಹಿ ಹಾಕಿದವರನ್ನೂ ಪ್ರಶ್ನಿಸುತ್ತೇವೆ. ತಯಾರಕರಿಂದ ಆ ಹೊಣೆಗಾರಿಕೆಯನ್ನು ನಿರೀಕ್ಷಿಸುವುದು ಅತಿಯಾಸೆಯೂ ಅಲ್ಲ. 2019ರ ಮೇ ತಿಂಗಳಲ್ಲಿ ಗೂಗಲ್ ತನ್ನ ‘ಟೈಟನ್’ ಎಂಬ ಬ್ಲೂಟೂತ್ ಭದ್ರತಾ ಕೀಲಿಯ ಜೋಡಣೆಯಲ್ಲಿ ಲೋಪವಿದೆಯೆಂದೂ, ಸುಮಾರು 30 ಅಡಿ ಸಮೀಪದಲ್ಲಿರುವವನು ಅದರ ಲಾಭ ಪಡೆಯಬಹುದೆಂದೂ ತಾನಾಗಿಯೇ ಪ್ರಕಟಿಸಿ, ಬಳಕೆದಾರರಿಗೆ ಹೊಸ ಕೀಲಿಯನ್ನು ಉಚಿತವಾಗಿ ಕೊಟ್ಟಿತು. ಇದು ಸಾಧ್ಯವೆಂದಾದರೆ ಇತರರಿಗೆ ಏಕೆ ಸಾಧ್ಯವಿಲ್ಲ?

ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯ ಬಳಕೆಗೆ ಪರವಾನಗಿಯ ಅಗತ್ಯವನ್ನು 2005ರಲ್ಲಿ ತೆಗೆದುಹಾಕಲಾಯಿತು. ಅಗ್ಗದ ನಿಸ್ತಂತು ಸಾಧನಗಳು ನಮ್ಮ ಮಾರುಕಟ್ಟೆಗೆ ಬರಲು ಅದು ದಾರಿ ಮಾಡಿತು. ಆ ನಿರ್ಧಾರ ಸರಿಯೇ. ಇಂತಹ ಸಾಧನಗಳು ಮಾರುಕಟ್ಟೆಗೆ ಬರುವ ಮುನ್ನ ಅವುಗಳ ರೇಡಿಯೊ ತರಂಗ ನಿಯಮದಂತಿದೆಯೇ ಎಂದು ನೋಡಿ ಅನುಮೋದಿಸುವ ವ್ಯವಸ್ಥೆ ದೂರಸಂಪರ್ಕ ಇಲಾಖೆಯಲ್ಲಿದೆ. ಆದರೆ ಅವು ಅಪರಿಚಿತರನ್ನು ಒಳಗೆ ಬಿಟ್ಟುಕೊಳ್ಳುತ್ತವೆಯೇ ಎಂಬುದು ಆ ಪರೀಕ್ಷೆಯ ವಿಷಯವಲ್ಲ. ಅದೇ ಇಲಾಖೆಯ ದೂರಸಂಪರ್ಕ ಎಂಜಿನಿಯರಿಂಗ್ ಕೇಂದ್ರವು 2021ರಲ್ಲಿ ಗೃಹಬಳಕೆಯ ಸಂಪರ್ಕ ಸಾಧನಗಳ ಸುರಕ್ಷತೆಗೆ ನೀತಿಸಂಹಿತೆಯೊಂದನ್ನು ಹೊರತಂದಿತು. ಎಲ್ಲ ಸಾಧನಗಳಿಗೂ ಒಂದೇ ಗುಪ್ತಪದ ಇರಕೂಡದು, ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸಬೇಕು ಎಂಬಂತಹ ವಿವೇಕದ ಮಾತುಗಳು ಅದರಲ್ಲಿವೆ. ಆದರೆ ಅದು ಮಾರ್ಗಸೂಚಿ; ಪಾಲಿಸದವರನ್ನು ಶಿಕ್ಷಿಸುವ ಕಾನೂನಲ್ಲ.

ಬೇರೆಡೆ ಗಾಳಿ ಬದಲಾಗಿದೆ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಂದು ಜಾರಿಗೆ ಬಂದ ಕಾನೂನು, ಸಂಪರ್ಕ ಸಾಧನಗಳನ್ನು ಮಾರುವವರು ಎಷ್ಟು ಕಾಲ ಭದ್ರತಾ ತಿದ್ದುಪಡಿ ಒದಗಿಸುತ್ತೇವೆಂದು ಗ್ರಾಹಕರಿಗೆ ತಿಳಿಸುವುದನ್ನು ಕಡ್ಡಾಯ ಮಾಡಿತು. ಅಂತರ್ಜಾಲಕ್ಕೆ ಸಂಪರ್ಕ ಹೊಂದುವ ರೇಡಿಯೊ ಸಾಧನಗಳ ಸೈಬರ್ ಭದ್ರತೆಗೆ ಯುರೋಪಿಯನ್ ಒಕ್ಕೂಟದ ನಿಯಮಗಳು 2025ರ ಆಗಸ್ಟ್ 1ರಿಂದ ಅನ್ವಯವಾಗಿವೆ. ಒಕ್ಕೂಟವು 2024ರಲ್ಲಿ ಅಂಗೀಕರಿಸಿದ ಇನ್ನೊಂದು ಶಾಸನದ ಮುಖ್ಯ ಕಟ್ಟಳೆಗಳು ಜಾರಿಗೆ ಬರುವುದು 2027ರ ಡಿಸೆಂಬರ್‌ನಲ್ಲಿ. ಸಾಮಾನ್ಯವಾಗಿ ಕನಿಷ್ಠ 5 ವರ್ಷ ಕಾಲ ತಿದ್ದುಪಡಿ ನೀಡಬೇಕೆಂಬುದು ಅದರ ಆಶಯ. ಆ ಮಾರುಕಟ್ಟೆಗಳಲ್ಲಿ ಮಾರಲಾಗದ ದುರ್ಬಲ ಸರಕು ನಿಯಮವಿಲ್ಲದ ಮಾರುಕಟ್ಟೆಯನ್ನು ಹುಡುಕಿಕೊಂಡು ಬರುವುದು ವ್ಯಾಪಾರದ ಸಹಜ ಗತಿ. ನಾವು ಆ ಮಾರುಕಟ್ಟೆಯಾಗಬೇಕೇ?

ನನ್ನ ಬೇಡಿಕೆಗಳು ದೊಡ್ಡವಲ್ಲ. ಔಷಧಿಯ ಪಟ್ಟಿಯ ಮೇಲೆ ಅವಧಿ ಮುಗಿಯುವ ದಿನಾಂಕವಿರುವಂತೆ, ಪ್ರತಿ ನಿಸ್ತಂತು ಸಾಧನದ ಪೆಟ್ಟಿಗೆಯ ಮೇಲೂ ‘ಇಂಥ ವರ್ಷದವರೆಗೆ ಭದ್ರತಾ ತಿದ್ದುಪಡಿ ಲಭ್ಯ’ ಎಂಬ ಒಂದು ಸಾಲು ಮುದ್ರಿತವಾಗಿರಲಿ. ಕರ್ನಾಟಕದಲ್ಲಿ ಮಾರುವಾಗ ಅದು ಕನ್ನಡದಲ್ಲಿಯೂ ಇರಲಿ. ಒಡೆಯ ಕೈಯಾರೆ ಗುಂಡಿ ಒತ್ತದೆ ಯಾವ ಸಾಧನವೂ ಹೊಸ ಜೋಡಣೆಗೆ ಒಪ್ಪಕೂಡದೆಂಬುದು ಅನುಮೋದನೆಯ ಷರತ್ತಾಗಲಿ. ಇದನ್ನು ಪರೀಕ್ಷಿಸಲು ದುಬಾರಿ ಪ್ರಯೋಗಾಲಯವೇನೂ ಬೇಕಿಲ್ಲ. ಬೀಗ, ವಾಹನ, ವೈದ್ಯಕೀಯ ಸಾಧನಗಳಲ್ಲಿ ಗುರುತು ಕೇಳದ ‘ಜಸ್ಟ್ ವರ್ಕ್ಸ್’ ವಿಧಾನಕ್ಕೆ ಅವಕಾಶ ಬೇಡ. ತಿದ್ದಲಾಗದ ದೋಷ ಪತ್ತೆಯಾದರೆ ಸಾಧನವನ್ನು ಹಿಂಪಡೆದು ಬದಲಿಸಿಕೊಡುವುದು ಮಾರಿದವರ ಕರ್ತವ್ಯವಾಗಲಿ. ಇದರಿಂದ ಬೆಲೆ ಒಂದಿಷ್ಟು ಏರಬಹುದೆಂಬ ವಾದವಿದೆ. ಏರಲಿ. ಅಗ್ಗದ ಬೀಗವನ್ನು ಕೊಂಡು ಮನೆಯನ್ನು ತೆರೆದಿಟ್ಟರೆ ಅದು ಉಳಿತಾಯವಾಗುವುದಿಲ್ಲ.

ಕಾನೂನು ಬರುವವರೆಗೆ ನಾವು ಮಾಡಬಹುದಾದದ್ದೂ ಇದೆ; ಅದು ಹೆಚ್ಚೇನಲ್ಲ. ಹೊಸ ಸಾಧನದ ಜೋಡಣೆಯನ್ನು ಬಸ್ ನಿಲ್ದಾಣದಲ್ಲಿಯೋ ಕಾಫಿ ಹೋಟೆಲಿನಲ್ಲಿಯೋ ಮಾಡದೆ ಮನೆಯಲ್ಲಿಯೇ ಮಾಡುವುದು. ನಾವಾಗಿ ಆರಂಭಿಸದ ಜೋಡಣೆಯ ಕೋರಿಕೆ ಪರದೆಯಲ್ಲಿ ಮೂಡಿದರೆ, ಎಷ್ಟೇ ಬಾರಿ ಬಂದರೂ ‘ಇಲ್ಲ’ ಎನ್ನುವುದು. ಬಹುಕಾಲ ಸರಿಯಾಗಿದ್ದ ಸಾಧನವು ಹಠಾತ್ತನೆ ಮತ್ತೆ ಜೋಡಣೆ ಕೇಳಿದರೆ ಅಲ್ಲಿಯೇ ಒಪ್ಪಿಬಿಡದೆ ಮನೆಗೆ ಬಂದು ನೋಡುವುದು. ಬಾಡಿಗೆ ಕಾರಿಗೆ ಫೋನನ್ನು ಜೋಡಿಸಿದ್ದರೆ ಇಳಿಯುವ ಮುನ್ನ ಅದರ ಪಟ್ಟಿಯಿಂದ ನಮ್ಮ ಫೋನಿನ ಹೆಸರನ್ನೂ ದೂರವಾಣಿ ಸಂಖ್ಯೆಗಳನ್ನೂ ಅಳಿಸುವುದು; ಹಳೆಯ ಸಾಧನವನ್ನು ಮಾರುವ ಮುನ್ನವೂ ಹಾಗೆಯೇ. ಫೋನಿಗೂ ಅದರ ಜತೆಗಾರ ಸಾಧನಗಳಿಗೂ ಬರುವ ತಿದ್ದುಪಡಿಗಳನ್ನು ಮುಂದೂಡದಿರುವುದು. ಮನೆಯ ಹಿರಿಯರ ಸಾಧನಗಳ ವಿಷಯದಲ್ಲಿ ಈ ಕೆಲಸವನ್ನು ಕಿರಿಯರು ಆರು ತಿಂಗಳಿಗೊಮ್ಮೆಯಾದರೂ ವಹಿಸಿಕೊಳ್ಳುವುದು.

ನಮ್ಮ ಹಳ್ಳಿಗಳ ಜಗಲಿಯಲ್ಲಿ ಹೊಸಬರು ಬಂದು ಕುಳಿತರೆ ‘ಯಾವೂರಾಯ್ತು, ಯಾರ ಪೈಕಿ?’ ಎಂಬ ವಿಚಾರಣೆ ಈಗಲೂ ಇದೆ. ಅದು ಅನುಮಾನದ ಮಾತಲ್ಲ. ನೀರು ಬೆಲ್ಲ ಕೊಡುತ್ತಲೇ ಕೇಳುವ ಮಾತು. ಆತಿಥ್ಯಕ್ಕೂ ವಿಚಾರಣೆಗೂ ವಿರೋಧವಿಲ್ಲವೆಂಬುದನ್ನು ಅರಿತ ಸಮಾಜ ನಮ್ಮದು. ಅನುಕೂಲಕ್ಕೂ ಭದ್ರತೆಗೂ ವಿರೋಧವಿದೆ, ಒಂದು ಬೇಕಾದರೆ ಇನ್ನೊಂದನ್ನು ಬಿಡಬೇಕು ಎಂದು ಸಾಧನಗಳ ತಯಾರಕರು ಎರಡು ದಶಕಗಳಿಂದ ನಮಗೆ ಹೇಳುತ್ತಾ ಬಂದಿದ್ದಾರೆ. ಆ ಮಾತನ್ನು ಒಪ್ಪಬೇಕಾಗಿಲ್ಲ. ಬಂದವರಾರೆಂದು ಕೇಳುವ ಗುಣವನ್ನು ಅವರು ತಮ್ಮ ಯಂತ್ರಗಳಿಗೆ ಕಲಿಸಲಿ. ಕಲಿಸದಿದ್ದರೆ ಕಲಿಸುವಂತೆ ಸರ್ಕಾರ ಅವರಿಗೆ ವಿಧಿಸಲಿ.